ಇವತ್ತೊಂದು ದಿನ ಪಿರೋನ್ ಬೇಡ

ಜುಸಾರಾ,

ನಾನು ಬೇಕರಿಗೆ ಹೊರಟೆ. ನಿನ್ನನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ಕಾಫಿ ಒಲೆಯ ಮೇಲಿದೆ, ಉರಿ ಹಚ್ಚಿದರೆ ಸಾಕು. ಪಾಸ್‌ಪೋರ್ಟ್ ಮರೆಯಬೇಡ. ಒದ್ದೆ ಟವೆಲನ್ನು ಮತ್ತೆ ನನ್ನ ಮಂಚದ ಮೇಲೇ ಬಿಸಾಕಿದ್ದೀಯ, ಒಣಹಾಕಿ ಹೋಗು.

ಇವತ್ತಿನ ಇಟಾಲಿಯನ್ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಪಾದೊವಾ ವಿಶ್ವವಿದ್ಯಾಲಯ ನಿನ್ನನ್ನು ಸೇರಿಸಿಕೊಳ್ಳುವುದಿಲ್ಲ. ನೀನು ಬ್ರೆಜಿಲಿಗೆ ವಾಪಸ್ ಹೋಗಬೇಕಾಗುತ್ತದೆ. ಅದಕ್ಕೇ ಹೇಳುತ್ತಿದ್ದೇನೆ. ಪರೀಕ್ಷೆಯಲ್ಲಿ ಮುಳ್ಳುಚಮಚಕ್ಕೆ ‘ಫೋರ್ಕೆತ್ತಾ’ ಅನ್ನು, ‘ಪಿರೋನ್’ ಅನ್ನಬೇಡ. ಕುರ್ಚಿಗೆ ‘ಸೇದಿಯಾ’ ಅನ್ನು, ‘ಕರೇಗಾ’ ಬೇಡ. ನಿನ್ನ ಮುತ್ತಜ್ಜ ಈ ಊರು ಬಿಟ್ಟು ಬ್ರೆಜಿಲಿನ ಹಡಗು ಹತ್ತಿದಾಗ ಜೊತೆಗೆ ಕೊಂಡೊಯ್ದದ್ದು ಇಟಾಲಿಯನ್ ಅಲ್ಲ, ನಮ್ಮ ಕಣಿವೆಯ ಮಾತು. ನಿಮ್ಮ ಮನೆಯಲ್ಲಿ ಇವತ್ತಿಗೂ ಅದೇ. ಪರೀಕ್ಷೆ ಮಾಡುವವರಿಗೆ ಅದು ತಪ್ಪು.

ನೀನು ಬಂದ ದಿನ ಊಟಕ್ಕೆ ಕೂತವಳೇ, “ಏ ಹುಡುಗಿ, ನನ್ನ ಪಿರೋನ್ ಎಲ್ಲೇ?” ಅಂದೆ. ಅಮ್ಮ ನಕ್ಕು, “ಅಯ್ಯೋ, ನಮ್ಮತ್ತೇನೇ ಎದ್ದು ಬಂದ ಹಾಗಾಯ್ತಲ್ಲೇ!” ಅಂದಳು. ನಾನು ಅದನ್ನು ತರುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಅಜ್ಜಿ ಹೋದ ಮೇಲೆ ಆ ಶಬ್ದ ಈ ಮನೆಯಲ್ಲಿ ಕೇಳಿರಲಿಲ್ಲ. ಅವಳೂ ಹೀಗೆಯೇ, ಪೊಲೆಂತಾ ಮುದ್ದೆ ತಟ್ಟೆಗೆ ಬೀಳುವ ಮೊದಲೇ ಪಿರೋನ್ ಎಲ್ಲಿ ಎಂದು ಮೇಜು ಬಡಿಯುತ್ತಿದ್ದಳು. ಟೀಚರ್ ಬೈಯುತ್ತಾರೆಂದು ಅಪ್ಪ ನಮಗೆ ಆ ಮಾತು ಕಲಿಸಲೇ ಇಲ್ಲ.

ಹೆದರಬೇಡ, ನಿಧಾನವಾಗಿ ಮಾತಾಡು. ಸಂಜೆ ಪೊಲೆಂತಾ ಮಾಡುತ್ತೇನೆ. ನಿನ್ನ ತಟ್ಟೆಯ ಪಕ್ಕ ಬೇಕೆಂದೇ ಏನೂ ಇಟ್ಟಿರುವುದಿಲ್ಲ. ನೀನೇ ಕೇಳಬೇಕು.

ನಿವೆಸ್