ಚಾರ್ಜ್ ಪೂರ್ಣಗೊಂಡ ಬಳಿಕ ವಾಹನವನ್ನು ಬಿಡಿ

ಮಾರ್ಚ್ ಹನ್ನೊಂದು, ಮಂಗಳವಾರ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ನಮ್ಮೂರಿನ ಪತ್ರಿಕೆಗೆ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ಅಂಗಡಿ ತೆರೆದಿದೆ, ಗಿರಾಕಿಗಳಿಲ್ಲ.

ನಗರಾಡಳಿತದ ಮುಖ್ಯಾಧಿಕಾರಿಗಳೇ,

ಮಾನ್ಯರೇ ಎಂದು ಶುರುಮಾಡುವುದು ವಾಡಿಕೆ. ಆ ಶಬ್ದವನ್ನು ವಿಚಾರಣೆ ಮುಗಿಯುವವರೆಗೆ ತೆಗೆದಿರಿಸಿದ್ದೇನೆ. ನನ್ನ ದೂರು ಇಷ್ಟು: ನಿಮ್ಮ ಸಾರ್ವಜನಿಕ ಚಾರ್ಜಿಂಗ್ ನಿಲ್ದಾಣದ ಬೋರ್ಡಿನಲ್ಲಿರುವ ಒಂದು ತಪ್ಪು ಶಬ್ದದಿಂದ ಒಬ್ಬ ವೃದ್ಧೆ ಇಡೀ ಮಧ್ಯಾಹ್ನ ನೋವಿನಲ್ಲಿ ಒದ್ದಾಡಿ ಸತ್ತರು. ಅದಕ್ಕೆ ನೀವು ನನ್ನ ತಂಗಿಯನ್ನು ಅಮಾನತು ಮಾಡಿದ್ದೀರಿ.

ನಿಲ್ದಾಣ ನಿಮಗೆ ನೆನಪಿರಬಹುದು. ಉದ್ಘಾಟನೆಯ ದಿನ ಚಾರ್ಜರಿನ ಕೇಬಲನ್ನು ಹೂಗುಚ್ಛದ ಹಾಗೆ ಎದೆಗೆ ಒತ್ತಿಕೊಂಡು ಫೋಟೋ ತೆಗೆಸಿಕೊಂಡಿದ್ದಿರಿ. ಆಮೇಲೆ ನೀವು ಆ ಕಡೆ ಬಂದ ಗುರುತಿಲ್ಲ, ಹಾಗಾಗಿ ಸುದ್ದಿ ತಲುಪಿಸುತ್ತೇನೆ. ಎರಡು ಚಾರ್ಜರುಗಳಲ್ಲಿ ಒಂದು ಕೆಟ್ಟು ಕೂತಿದೆ. ಅದರ ಮುಂದೆ ನೀವು ನೆಡಿಸಿದ ಅಲಂಕಾರದ ಗಿಡ ಮಾತ್ರ ಬಹಳ ಚೆನ್ನಾಗಿ ಬೆಳೆದಿದೆ. ಆ ಬೀದಿಯಲ್ಲಿ ಒಳ್ಳೆಯ ನೆರಳು ಇರುವುದು ನಿಮ್ಮ ಸೋಲಾರ್ ಚಾವಣಿಯ ಕೆಳಗೆ ಮಾತ್ರ, ಆದ್ದರಿಂದ ಪೆಟ್ರೋಲ್ ಕಾರುಗಳು ಅಲ್ಲಿ ಮಧ್ಯಾಹ್ನದ ನಿದ್ದೆ ಮಾಡುತ್ತವೆ. ಇವುಗಳ ಬಗ್ಗೆ ನನಗೆ ತಕರಾರಿಲ್ಲ. ಸೋಮಾರಿತನಕ್ಕೆ ಅದರದೇ ಒಂದು ಪ್ರಾಮಾಣಿಕತೆ ಇರುತ್ತದೆ. ನನ್ನ ತಕರಾರು ಬೋರ್ಡಿನ ಮೇಲೆ, ಏಕೆಂದರೆ ಅದನ್ನು ಯಾರೋ ಕಷ್ಟಪಟ್ಟು ಬರೆದಿದ್ದಾರೆ.

"ಚಾರ್ಜ್ ಪೂರ್ಣಗೊಂಡ ಬಳಿಕ ವಾಹನವನ್ನು ಬಿಡಿ."

ದೂರದ ಅಕ್ಷರಗಳನ್ನು ಜನರಿಂದ ಓದಿಸುವುದು ನನ್ನ ಕಸುಬು. ಬಿಡುವಿನಲ್ಲಿ ಬೇರೆ ಭಾಷೆಗಳಿಂದ ಕನ್ನಡಕ್ಕೆ ಬಂದ ಕಾದಂಬರಿಗಳನ್ನು ಓದುತ್ತೇನೆ. ಅನುವಾದಕ ಎಲ್ಲಿ ಎಡವಿದ್ದಾನೆ ಎಂಬುದು ಹಲ್ಲಿಗೆ ಸಿಕ್ಕಿದ ಕಲ್ಲಿನ ಹಾಗೆ ತಿಳಿಯುತ್ತದೆ. ಈ ಸಾಲನ್ನು ಬೇರೆ ಭಾಷೆಯಿಂದ ತಂದವರು "ಜಾಗ ಬಿಡಿ" ಎನ್ನಬೇಕಾದಲ್ಲಿ "ವಾಹನವನ್ನು ಬಿಡಿ" ಎಂದಿದ್ದಾರೆ. ನಮ್ಮ ಭಾಷೆಯಲ್ಲಿ ಚಾಲಕ ಗಾಡಿ ಬಿಡುತ್ತಾನೆ ಎಂದರೆ ಓಡಿಸುತ್ತಾನೆ. ಗಾಡಿ ಇಲ್ಲೇ ಬಿಡಿ ಎಂದರೆ ನಿಲ್ಲಿಸಿ ಹೋಗಿ. ಒಂದೇ ಕ್ರಿಯಾಪದ, ಎರಡು ವಿರುದ್ಧ ದಿಕ್ಕು. ನಿಮ್ಮ ಬೋರ್ಡನ್ನು ಓದಿದ ಸಭ್ಯ ನಾಗರಿಕ ಏನು ಮಾಡಬೇಕು? ಕಾರಿಗೆ ಬೀಗ ಹಾಕಿ, ಬಿಟ್ಟು, ಮನೆಗೆ ಹೋಗುತ್ತಾನೆ. ನಿಯಮ ಮುರಿಯುವವನಿಂದ ನಿಮ್ಮ ನಿಲ್ದಾಣಕ್ಕೆ ಅಪಾಯವಿಲ್ಲ, ಅವನು ಬೋರ್ಡು ಓದುವುದೇ ಇಲ್ಲ. ಪಾಲಿಸುವವನೇ ಅಪಾಯ.

"ಪೂರ್ಣಗೊಂಡ ಬಳಿಕ" ಎಂಬುದು ಇನ್ನೊಂದು ಅಜ್ಞಾನ. ಬ್ಯಾಟರಿಯೂ ಹಸಿದ ಹೊಟ್ಟೆಯ ಹಾಗೆ, ಮೊದಲು ಗಬಗಬನೆ ತಿನ್ನುತ್ತದೆ. ಎಂಬತ್ತು ಪ್ರತಿಶತ ದಾಟಿದ ಮೇಲೆ ತುತ್ತು ತುತ್ತಿಗೂ ಯೋಚಿಸುತ್ತದೆ. ಕೊನೆಯ ಇಪ್ಪತ್ತಕ್ಕೆ ಹಿಡಿಯುವ ಹೊತ್ತಿನಲ್ಲಿ ಇನ್ನೊಬ್ಬರು ಊರು ಸುತ್ತುವಷ್ಟು ತುಂಬಿಸಿಕೊಂಡು ಹೋಗಬಹುದು. ಎಂಬತ್ತಕ್ಕೆ ಎದ್ದು ಜಾಗ ಬಿಟ್ಟುಕೊಟ್ಟರೆ ಒಂದೇ ಚಾರ್ಜರು ಇಡೀ ಬೀದಿಯನ್ನು ಸಾಕುತ್ತದೆ. ಎಲೆಕ್ಟ್ರಿಕ್ ಕಾರು ಇಟ್ಟುಕೊಂಡ ಯಾರನ್ನು ಕೇಳಿದರೂ ಇದನ್ನು ಹೇಳುತ್ತಾರೆ. ನಿಮ್ಮ ಕಚೇರಿ ಮಾತ್ರ ಕೇಳಲಿಲ್ಲ.

ಈಗ ನನ್ನ ತಂಗಿಯ ವಿಷಯ. ಅವಳು ನಿಮ್ಮದೇ ಗೃಹಶುಶ್ರೂಷಾ ವಿಭಾಗದ ನರ್ಸು. ಗುಣವಾಗುವ ಆಸೆ ಬಿಟ್ಟವರ ಮನೆಗಳಿಗೆ ಹೋಗಿ ನೋವಿನ ಚುಚ್ಚುಮದ್ದು ಕೊಡುವುದು ಅವಳ ಕೆಲಸ. ಪರಿಸರಪ್ರೇಮದ ಭರದಲ್ಲಿ ನೀವು ಆ ನರ್ಸುಗಳಿಗೆಲ್ಲ ಪುಟ್ಟ ಎಲೆಕ್ಟ್ರಿಕ್ ಕಾರು ಕೊಟ್ಟಿರಿ. ಕಚೇರಿಯ ಅಂಗಳದಲ್ಲಿ ಚಾರ್ಜರು ಹಾಕಿಸಲಿಲ್ಲ, ಸಾರ್ವಜನಿಕ ನಿಲ್ದಾಣವನ್ನು ಬಳಸಿಕೊಳ್ಳಿ ಎಂದಿರಿ. ತಂಗಿ ಇರುವುದು ನಾಲ್ಕನೆಯ ಮಹಡಿಯಲ್ಲಿ. ಕಿಟಕಿಯಿಂದ ವೈರು ಇಳಿಬಿಡಲು ಅವಳಿಗೆ ಧೈರ್ಯ ಸಾಲಲಿಲ್ಲ.

ಕಳೆದ ತಿಂಗಳ ಆ ದಿನ ಬೆಳಗಿನಿಂದ ಸುತ್ತಿ ಅವಳ ಬ್ಯಾಟರಿ ಬತ್ತಿತ್ತು. ಕೊನೆಯ ಮನೆಗೆ ಹೋಗುವ ಮುನ್ನ ನಿಲ್ದಾಣಕ್ಕೆ ಬಂದಳು. ನೆಟ್ಟಗಿದ್ದ ಒಂದೇ ಚಾರ್ಜರಿಗೆ ಬೂದು ಬಣ್ಣದ ಕಾರು ಕಚ್ಚಿಕೊಂಡಿತ್ತು. ಪರದೆಯ ಮೇಲೆ "ಪೂರ್ಣ" ಎಂದಿತ್ತು, ಮಾಲೀಕ ಇರಲಿಲ್ಲ. ಮಾಲೀಕ ಕಾರಿನ ಬೀಗ ತೆಗೆಯದೆ ಕೇಬಲ್ ಬಿಚ್ಚಿಕೊಳ್ಳುವುದಿಲ್ಲ. ಸಹಾಯವಾಣಿಯ ಹುಡುಗಿ ಕೇಬಲ್ ಸಿಕ್ಕಿಸಿದೆಯೇ ಎಂದು ಕೇಳಿ, ಹಾಗಾದರೆ ಚಾರ್ಜರು ಬಳಕೆಯಲ್ಲಿದೆ ಎಂದು ತೀರ್ಪು ಕೊಟ್ಟಳು. ಬಾಡಿಗೆ ಗಾಡಿ ಹಿಡಿಯೋಣವೆಂದರೆ ಆ ಔಷಧಿಯನ್ನು ಕಚೇರಿಯ ವಾಹನದಲ್ಲೇ ಒಯ್ಯತಕ್ಕದ್ದು ಎಂದು ನಿಮ್ಮದೇ ಆದೇಶವಿದೆ.

ಅವಳು ಕಾದಳು. ಮಾಲೀಕ ಈಗ ಬರಬಹುದು, ಆಗ ಬರಬಹುದು ಎಂದು ಕಾದಳು. ಆ ಕಾರಿನ ಫೋಟೋ ತೆಗೆದು, ಇವನಿಗೇನು ಹೇಳೋಣ ಅಣ್ಣ ಎಂದು ನನಗೆ ಕಳಿಸಿದಳು. ನಾನು ಅಂಗಡಿಯಲ್ಲಿ ಕೂತು ಆ ಮಾಲೀಕನ ಬಗ್ಗೆ ಪತ್ರಿಕೆಯಲ್ಲಿ ಬರೆಯಲಾಗದ ಮಾತೊಂದನ್ನು ಹೇಳಿದೆ. ಆಮೇಲೆ ಅವಳು ರೋಗಿಯ ಮಗನಿಗೆ ಫೋನು ಮಾಡಿ, ಯಾರೋ ಕಾರು ಬಿಟ್ಟು ಹೋಗಿದ್ದಾರೆ, ಸಿಕ್ಕಿಹಾಕಿಕೊಂಡಿದ್ದೇನೆ ಎಂದಳು. ಎಲ್ಲಿ ಎಂದು ಅವಳು ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಫೋನಿನ ಆ ಕಡೆಯಿಂದ ತಾಯಿಯ ನರಳಾಟ ಕೇಳುತ್ತಿತ್ತಂತೆ.

"ನಾನೇ ಬಂದು ಕರ್ಕೊಂಡು ಹೋಗ್ತಿದ್ದೆ ಸಿಸ್ಟರ್, ಅಮ್ಮನ್ನ ಬಿಟ್ಟು ಹೇಗೆ ಬರ್ಲಿ," ಎಂದರು ಅವರು. "ಯಾವನ್ರೀ ಅವನು? ಅವನ ಮನೇಲಿ ಯಾರೂ ನರಳ್ತಾ ಇಲ್ವೇನೋ. ಇಂಥೋರಿಗೆ ಒಂದಿನ ಬರಬೇಕು."

ಕೊನೆಗೆ ಅವಳು ಆದೇಶವನ್ನು ಗಾಳಿಗೆ ತೂರಿ, ಚೀಲ ಹೆಗಲಿಗೇರಿಸಿ ನಡೆದೇ ಹೋದಳು. ತಲುಪಿದಾಗ ಹೊತ್ತು ಇಳಿದಿತ್ತು. ಮದ್ದು ಕೊಟ್ಟಳು. ಅದು ಕೆಲಸ ಶುರುಮಾಡುವ ಮೊದಲೇ ತಾಯಿ ಹೋದರು. ಮಗ ಬಾಗಿಲಲ್ಲೇ ನಿಂತು ಅವಳನ್ನು ಬೈದರು, ಮರುದಿನ ನಿಮಗೆ ದೂರು ಕೊಟ್ಟರು. ಅವರ ಜಾಗದಲ್ಲಿದ್ದರೆ ನಾನೂ ಕೊಡುತ್ತಿದ್ದೆ. ನಿಮ್ಮ ಆರೋಪಪಟ್ಟಿಯಲ್ಲಿ ಮೊದಲನೆಯದು ವಿಳಂಬ. ಎರಡನೆಯದು ಔಷಧಿಯನ್ನು ಕಾಲ್ನಡಿಗೆಯಲ್ಲಿ ಒಯ್ದದ್ದು. ಕಾದದ್ದೂ ತಪ್ಪು, ಕಾಯದೆ ನಡೆದದ್ದೂ ತಪ್ಪು. ಇಷ್ಟು ಅಚ್ಚುಕಟ್ಟಾಗಿ ಬರೆಯಬಲ್ಲವರು ನಿಮ್ಮಲ್ಲಿದ್ದಾರೆ ಎಂದಾದರೆ, ಬೋರ್ಡು ಬರೆಯಲು ಅವರನ್ನೇ ಏಕೆ ಕರೆಯಲಿಲ್ಲ?

ಒಂದು ವಾರದ ಬಳಿಕ ತಂಗಿ ಆ ಮನೆಗೆ ಮಾತಾಡಿಸಲು ಹೋದಳು. ಗೇಟಿನ ಒಳಗೆ ಬೂದು ಕಾರು ನಿಂತಿತ್ತು. ಹಿಂದಿನ ಸೀಟಿನಲ್ಲಿ ನಡುವೆ ತೂತಿರುವ ಗಾಳಿದಿಂಬು ಇತ್ತು, ಬೆನ್ನು ಹುಣ್ಣಾಗದಿರಲಿ ಎಂದು ತಾಯಿಗಾಗಿ ಅವಳೇ ತರಲು ಹೇಳಿದ್ದ ದಿಂಬು. ಅವಳು ಫೋನು ತೆಗೆದು ಫೋಟೋದಲ್ಲಿದ್ದ ಸಂಖ್ಯೆಯನ್ನು ತಾಳೆ ನೋಡಿದಳು. ಮಗ ಒಳಗೆ ಕರೆದರು. ಬೈದದ್ದಕ್ಕೆ ಬೇಸರ ಪಟ್ಟುಕೊಳ್ಳಲಿಲ್ಲ, ದೂರನ್ನೂ ಹಿಂತೆಗೆಯಲಿಲ್ಲ, ಆದರೆ ಕುಡಿಯಲು ನೀರು ಕೊಟ್ಟರು. ಆ ಕಾರು ಬಿಟ್ಟುಹೋದವನು ಸಿಕ್ಕಿದನೇ ಎಂದು ಕೇಳಿದರು. ತಾನು ಮಾತ್ರ ಚಾರ್ಜಿಂಗ್ ನಿಲ್ದಾಣದ ಬೋರ್ಡಿನಲ್ಲಿ ಹೇಗಿದೆಯೋ ಹಾಗೇ ನಡೆದುಕೊಳ್ಳುವವನು, ಅಂದು ಬೆಳಿಗ್ಗೆಯೂ ಹಾಗೇ ಮಾಡಿದ್ದೆ ಎಂದರು. ತಂಗಿ ನೀರು ಕುಡಿದು ಎದ್ದುಬಂದಳು.

ನಾನು ನಿಮಗೆ ಮೊದಲ ಪತ್ರ ಬರೆದಾಗ ಇದು ನನಗೆ ಗೊತ್ತಿರಲಿಲ್ಲ. ನಿಮ್ಮ ಉತ್ತರ ಬಂತು: ಬೋರ್ಡಿನ ಭಾಷೆ ಸ್ಪಷ್ಟವಾಗಿದೆ, ಅಡ್ಡಿಪಡಿಸಿದ ವಾಹನದ ಸಂಖ್ಯೆ ಒದಗಿಸಿದಲ್ಲಿ ಮಾತ್ರ ನರ್ಸಿನ ಹೇಳಿಕೆಯನ್ನು ಪರಿಗಣಿಸಲಾಗುವುದು. ಓಡಿ ತಂಗಿಯ ಮನೆಗೆ ಹೋದೆ. ನಿನ್ನ ಕೆಲಸ ಉಳಿಯಿತು, ಆ ಫೋಟೋ ಕೊಡೋಣ ಎಂದೆ. ಅವಳು ತನ್ನ ಫೋನಿನಿಂದ ಅದನ್ನು ಆಗಲೇ ಅಳಿಸಿದ್ದಳು. ಯಾಕೆಂದು ಆಗ ಹೇಳಿದಳು.

"ಅದನ್ನ ನೋಡಿದ್ರೆ ಆ ಮನುಷ್ಯ ಬದುಕ್ತಾನಾ ಅಣ್ಣ? ನನ್ನ ಕೆಲಸ ತಾನೇ. ಹೋಗ್ಲಿ ಬಿಡು."

ಬಿಡು. ಅದೇ ಕ್ರಿಯಾಪದ. ನಿಮ್ಮ ಬೋರ್ಡಿನಲ್ಲಿ ಅದು ಕೊಂದಿತು, ಅವಳ ಬಾಯಲ್ಲಿ ಕ್ಷಮಿಸಿತು. ಭಾಷೆ ಗೊತ್ತಿರುವವರಿಗೂ ಗುತ್ತಿಗೆಗೆ ಕೊಡುವವರಿಗೂ ಇರುವ ವ್ಯತ್ಯಾಸ ಇಷ್ಟೇ.

ಆದರೆ ನಾನು ನನ್ನ ತಂಗಿಯಷ್ಟು ಒಳ್ಳೆಯವನಲ್ಲ, ಮತ್ತು ಆ ಫೋಟೋ ನನ್ನ ಫೋನಿನಲ್ಲಿ ಇನ್ನೂ ಇದೆ. ಆ ಮಗ ಈಗ ದೂರದ ಊರಿನಲ್ಲಿ ಅಕ್ಕನ ಮನೆಯಲ್ಲಿದ್ದಾರೆ, ಈ ಪತ್ರಿಕೆ ಅಲ್ಲಿಗೆ ಹೋಗುವುದಿಲ್ಲ. ವಿಚಾರಿಸಿಕೊಂಡೇ ಬರೆಯುತ್ತಿದ್ದೇನೆ. ವಿಚಾರಣೆಯ ದಿನ, ಇದೇ ತಿಂಗಳ ಇಪ್ಪತ್ತನಾಲ್ಕರಂದು, ಅವರು ದೂರುದಾರರಾಗಿ ನಿಮ್ಮ ಎದುರು ಕೂತಿರುತ್ತಾರೆ.

ಅಷ್ಟರೊಳಗೆ ಎರಡು ಕೆಲಸ ಮಾಡಿ. ತಂಗಿಯ ಮೇಲಿನ ವಿಚಾರಣೆಯನ್ನು ಕೈಬಿಡಿ. ಬೋರ್ಡನ್ನು ಬದಲಿಸಿ: "ಎಂಬತ್ತಾದರೆ ಸಾಕು, ಜಾಗ ಬಿಟ್ಟುಕೊಡಿ." ಬರೆಯುವವರು ಸಿಗದಿದ್ದರೆ ನಾನೇ ಬರೆದುಕೊಡುತ್ತೇನೆ, ನನ್ನ ಅಂಗಡಿಯ ಬೋರ್ಡನ್ನೂ ನಾನೇ ಬರೆದದ್ದು.

ಮಾಡದಿದ್ದರೆ ಏನು ಮಾಡಬೇಕೆಂದು ನಿನ್ನೆ ತೀರ್ಮಾನಿಸಿದ್ದೇನೆ. ತಂಗಿಗೆ ಇನ್ನೂ ಹೇಳಿಲ್ಲ. ಫೋಟೋದ ಪ್ರತಿ ತೆಗೆಸಿ, ಲಕೋಟೆಗೆ ಹಾಕಿ, ಅಂದು ನಿಮ್ಮ ಮೇಜಿನ ಮೇಲೆ ಇಡುತ್ತೇನೆ. ನೀವು ಕೇಳಿದ್ದ ಸಂಖ್ಯೆ ಅದರಲ್ಲಿದೆ. ನಾನು ಅದನ್ನು ಓದುವುದಿಲ್ಲ. ನೀವೇ ಗಟ್ಟಿಯಾಗಿ ಓದಬೇಕು, ಆ ಮಗನ ಮುಖವನ್ನು ನೋಡುತ್ತಾ.

ಇಂತಿ, ನಿಮ್ಮ ವಿಧೇಯನೆಂದು ಬರೆಯಲು ಕೈ ಬಾರದ,
ಬೋರ್ಡುಗಳನ್ನು ಕೊನೆಯವರೆಗೆ ಓದುವ ದುರಭ್ಯಾಸದ
ಕನ್ನಡಕದಂಗಡಿಯವನು