ಮುಚ್ಚಳದ ಕೆಳಗಿನ ಎಣಿಕೆ

ಅಂಗಡಿಯಿಂದ,
ತಿಂಗಳ ಕೊನೆಯ ಗುರುವಾರ, ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ಹೇಗಿದ್ದೀಯಾ ತಾಯೀ? ಎಂಜಿನ್ ಕೋಣೆಯಲ್ಲಿ ಬೆವರು ಹರಿಸಿ, ಹಾಗೆಯೇ ಹಡಗಿನ ಮೇಲಟ್ಟಕ್ಕೆ ಬಂದು ಗಾಳಿಗೆ ಮುಖ ಒಡ್ಡಬೇಡ, ಎದೆಗೆ ಕೂರುತ್ತದೆ. ಮೊಣಕೈ ಹತ್ತಿರ ಸುಟ್ಟುಕೊಂಡಿದ್ದೆಯಲ್ಲ, ಮಾಯಿತೇ? ಕಲೆ ಉಳಿದರೆ ಉಳಿಯಲಿ ಬಿಡು, ಕಲೆ ಇಲ್ಲದ ಕೈಯನ್ನು ಯಾವ ಮೋಟಾರೂ ನಂಬುವುದಿಲ್ಲ. ನಾನು ಗಟ್ಟಿಯಾಗಿದ್ದೇನೆ. ಮಂಡಿ ಮಾತ್ರ ಕೂತರೆ ಏಳುವುದಿಲ್ಲ ಅನ್ನುತ್ತದೆ, ಎದ್ದರೆ ಕೂರುವುದಿಲ್ಲ ಅನ್ನುತ್ತದೆ. ಥೇಟ್ ನಿನ್ನ ಅಮ್ಮನ ಹಠ. ಕಿವಿಯ ಸುದ್ದಿ ಕೇಳಬೇಡ. ಎಡದ್ದು ಎಂದೋ ಹೋಗಿತ್ತು, ಬಲದ್ದು ಈಗ ಕನ್ನಡಕದ ಕಡ್ಡಿ ಸಿಕ್ಕಿಸಿಕೊಳ್ಳುವುದಕ್ಕೆ ಇದೆ ಅಷ್ಟೇ.

ಈ ಸಲದ ದೊಡ್ಡ ಸುದ್ದಿ ನೀನು ಬಿಟ್ಟುಹೋದ ಲ್ಯಾಪ್‌ಟಾಪಿನದು. ಹಡಗು ಹತ್ತುವ ಮುಂಚೆ ನನ್ನನ್ನು ಕೂರಿಸಿ ಒಂದು ಪುಟ ಗಟ್ಟಿಯಾಗಿ ಓದಿಸಿದ್ದೆ, ನೆನಪಿದೆಯೇ? ಅದು ನನ್ನ ದನಿ ಕಲಿಯುತ್ತದೆ, ಆಮೇಲೆ ಯಾರು ಮಾತಾಡಿದರೂ ಅಕ್ಷರ ಮಾಡಿ ತೋರಿಸುತ್ತದೆ, ನನ್ನ ಮಾತಾದರೆ ‘ಅಜ್ಜ’ ಎಂದೂ ಮಿಕ್ಕವರದಾದರೆ ‘ಬೇರೆ ದನಿ’ ಎಂದೂ ಪಕ್ಕದಲ್ಲಿ ಬರೆಯುತ್ತದೆ ಎಂದಿದ್ದೆ. ಅಂಗಡಿ ಇನ್ನೂ ತೆರೆದಿರುವುದು ಅದರ ದೆಸೆಯಿಂದ. ನಿನ್ನ ಅಮ್ಮ ಖಡಾಖಂಡಿತ ಹೇಳಿದ್ದಳು: “ಕಿವಿ ಕೇಳದೆ ಕರೆಂಟಿನ ಜೊತೆ ಒಬ್ರೇ ಇರ್ತೀನಿ ಅಂದ್ರೆ ನಾನ್ ಒಪ್ಪಲ್ಲಪ್ಪಾ. ಈ ಮೆಷಿನ್ ಸರಿಯಾಗಿದ್ರೆ ಅಂಗಡಿ, ಇಲ್ಲಾಂದ್ರೆ ಬೀಗ.” ಈ ತಿಂಗಳ ಕೊನೆಗೆ ತಾನೇ ಬಂದು ಪರೀಕ್ಷೆ ಮಾಡುತ್ತೇನೆಂದೂ ಹೇಳಿದ್ದಳು. ಆಸ್ಪತ್ರೆಯಲ್ಲಿ ಅಷ್ಟು ಜನ ರೋಗಿಗಳನ್ನು ಆಳುವವಳು, ಅವಳ ಮುಂದೆ ನನ್ನ ಬೇಳೆ ಬೇಯುವುದುಂಟೇ? ಅಂಥ ಹೊತ್ತಿಗೆ ಸರಿಯಾಗಿ ಯಂತ್ರ ಕೈಕೊಟ್ಟಿತು.

ರೋಗ ಏನೆಂದರೆ, ಮಲಗು ಎಂದರೆ ಮಲಗುತ್ತದೆ, ಎಬ್ಬಿಸಿದರೆ ಹುಚ್ಚು ಹಿಡಿದ ಹಾಗೆ ಆಡುತ್ತದೆ. ತಾಮ್ರದ ಚೂರು, ವಾರ್ನಿಷಿನ ಹನಿ ಹಾರಬಾರದೆಂದು ನಾನು ಮೋಟಾರಿಗೆ ತಂತಿ ಸುತ್ತಲು ಕೂತಾಗ ಅದರ ಮುಚ್ಚಳ ಮುಚ್ಚಿಡುತ್ತೇನೆ. ಗಿರಾಕಿ ಬಂದು ಮೇಜು ತಟ್ಟಿದರೆ ತೆರೆಯುತ್ತೇನೆ. ತೆರೆದ ತಕ್ಷಣ ಅದರ ಫ್ಯಾನು ಅರಚುತ್ತದೆ. ನನಗೆ ಕೇಳಿಸುವುದಿಲ್ಲ, ಮೇಜಿನ ಮೇಲಿಟ್ಟ ಅಂಗೈಗೆ ತಿಳಿಯುತ್ತದೆ. ಕೆಳಭಾಗ ಜ್ವರ ಬಂದ ಮಗುವಿನ ಹಣೆಯಂತೆ ಸುಡುತ್ತದೆ. ಅಕ್ಷರಗಳು ತೆವಳುತ್ತ ಬರುತ್ತವೆ. ಒಬ್ಬ ಬಂದು ಏನೋ ಕೇಳಿದ, ಕಾದ, ಮುಖ ಗಂಟಿಕ್ಕಿಕೊಂಡು ಹೋದ. ಅವನು ಬೀದಿಯ ತಿರುವು ದಾಟಿದ ಮೇಲೆ ಪರದೆಯ ಮೇಲೆ “ಪಂಪು ರೆಡಿ ಆಯ್ತಾ?” ಎಂದು ಮೂಡಿತು. ನಾನು ಖಾಲಿ ಬಾಗಿಲಿಗೆ “ಆಯ್ತು” ಎಂದೆ. ನಗಬೇಡ. ನಾಳೆ ಯಾರಾದರೂ ಬೆಂಕಿ ಎಂದು ಕೂಗಿದರೆ ಆ ಅಕ್ಷರ ಬೂದಿಯ ಮೇಲೆ ಬರುತ್ತದೆ. ನಿನ್ನ ಅಮ್ಮ ಇದೊಂದನ್ನು ನೋಡಿದರೆ ಸಾಕಿತ್ತು.

ನಿನಗೆ ಪಾಠ ಮಾಡಿದ್ದು ನನಗೆ ಮರೆತಿಲ್ಲ: ಹೊರೆ ಇಲ್ಲದೆ ಬಿಸಿಯಾಗುವ ಮೋಟಾರಿನೊಳಗೆ ಎಲ್ಲೋ ಎರಡು ಸುತ್ತು ತಂತಿ ಒಂದನ್ನೊಂದು ಮುಟ್ಟಿಕೊಂಡಿರುತ್ತವೆ, ಒಂದೊಂದೇ ಕೊಂಡಿ ಬಿಚ್ಚುತ್ತ ಹೋದರೆ ಕಳ್ಳ ಸಿಗುತ್ತಾನೆ. ಹಾಗೆಯೇ ಮಾಡಿದೆ. ಮೊದಲು ಬ್ರಷ್ಷಿನಿಂದ ಫ್ಯಾನಿನ ಧೂಳು ತೆಗೆದೆ. ಆಫ್ ಮಾಡಿ ಹೊಸದಾಗಿ ಆನ್ ಮಾಡಿದರೆ ಹಸುವಿನಂತೆ ಸಾಧು. ನಿದ್ದೆಯಿಂದ ಎಬ್ಬಿಸಿದಾಗ ಮಾತ್ರ ಹುಚ್ಚು. ಹಾಗಾದರೆ ರೋಗ ನಿದ್ದೆಯಲ್ಲಿದೆ. ಯಾವ ಪ್ರೋಗ್ರಾಂ ಎಷ್ಟು ತಿನ್ನುತ್ತಿದೆ ಎಂದು ತೋರಿಸುವ ಪಟ್ಟಿಯನ್ನು ನೀನು ಹೇಳಿಕೊಟ್ಟಿದ್ದೆಯಲ್ಲ, ಅದನ್ನು ತೆರೆದಿಟ್ಟುಕೊಂಡು ಮಲಗಿಸಿದೆ, ಎಬ್ಬಿಸಿದೆ. ವೈರಸ್ ಕಾಯುವವನನ್ನು ನಿಲ್ಲಿಸಿದೆ, ಅವನಲ್ಲ. ತಾನೇ ಅಪ್‌ಡೇಟ್ ಆಗುವವನನ್ನು ನಿಲ್ಲಿಸಿದೆ, ಅವನೂ ಅಲ್ಲ. ಎಲ್ಲರ ಮೇಲೆ ಕೂತು ಪ್ರೊಸೆಸರನ್ನು ಹೆಚ್ಚುಕಡಿಮೆ ಪೂರ್ತಿ ನುಂಗುತ್ತಿದ್ದದ್ದು ಮಾತನ್ನು ಅಕ್ಷರ ಮಾಡುವ ಪ್ರೋಗ್ರಾಮೇ. ಕಾವಲುಗಾರನೇ ಕಳ್ಳ.

ಅದರ ಒಳಗೆ ಕೈಹಾಕಿ ನೋಡಿದರೆ ‘ಮಲಗಿದ್ದಾಗಲೂ ಆಲಿಸು’ ಎಂಬಲ್ಲಿ ಟಿಕ್ ಇತ್ತು. ಅಜ್ಜನಿಗೆ ಗಿರಾಕಿ ತಪ್ಪದಿರಲಿ ಎಂದು ನೀನೇ ಹಾಕಿರಬೇಕು, ಜಾಣೆ. ಮುಚ್ಚಳ ಮುಚ್ಚಿದರೂ ಅದು ಕಣ್ಣು ಮುಚ್ಚಿ ಕಿವಿ ತೆರೆದು ಮಲಗುತ್ತಿತ್ತು. ಕೇಳಿದ್ದನ್ನೆಲ್ಲ ಮೂಟೆ ಕಟ್ಟಿಟ್ಟುಕೊಂಡು, ಎಬ್ಬಿಸಿದ ಕೂಡಲೇ ಅಷ್ಟನ್ನೂ ಅಕ್ಷರ ಮಾಡಲು ಕೂರುತ್ತಿತ್ತು. ಅದಕ್ಕೇ ಆ ಬಿಸಿ, ಆ ಫ್ಯಾನು. ಕಳ್ಳ ಸಿಕ್ಕನಲ್ಲ ಎಂದು ಹಿಗ್ಗಿದೆ. ಆ ಹಿಗ್ಗಿನಲ್ಲೇ ಒಂದು ಮಾತು ಹೊಳೆದು ಕೈ ನಿಂತಿತು. ಗಿರಾಕಿಗಳ ಮಾತು ಮುಚ್ಚಳ ತೆರೆದಾಗಿನದು. ಮುಚ್ಚಿದಾಗ ಅಂಗಡಿಯಲ್ಲಿ ನಾನೊಬ್ಬನೇ, ಬಾಯಿ ಮುಚ್ಚಿಕೊಂಡು ತಂತಿ ಸುತ್ತುತ್ತಿರುತ್ತೇನೆ. ಹಾಗಾದರೆ ಮೂಟೆಯಲ್ಲಿ ಇರುವುದಾದರೂ ಏನು?

ತೆರೆದು ನೋಡಿದೆ ಗುಬ್ಬೀ. ಪುಟಗಟ್ಟಲೆ ಅಂಕಿ. ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತಮೂರು. ಪಕ್ಕದಲ್ಲಿ ಉದ್ದಕ್ಕೂ ‘ಬೇರೆ ದನಿ’, ‘ಬೇರೆ ದನಿ’. ನಡುನಡುವೆ ಮಾತು. “ಸಡಿಲ ಬಿಡ್ಬೇಡಿ.” “ತಂತಿ ತಿರುಚ್ಕೊಳ್ತಿದೆ ನೋಡಿ.” “ಗುಬ್ಬಿಗೆ ಫೋನ್ ಮಾಡಿ, ಎಷ್ಟ್ ದಿನ ಆಯ್ತು.” ಇನ್ನೊಂದು ಕಡೆ, “ಬಿಸಿ ಇದ್ದದ್ದು ಬಿಸಿ ಅಂತ ಹೇಳ್ಕೊಂಡು ಬರಲ್ಲ.”

ಈ ಕೊನೆಯ ಮಾತು ಯಾರದೆಂದು ನಿನಗೆ ಹೇಳಬೇಕಾಗಿಲ್ಲ. ವಾರ್ನಿಷ್ ಒಣಗಿಸುವ ಒಲೆಯ ಹತ್ತಿರ ನೀನು ಹೋದಾಗಲೆಲ್ಲ ನಿನ್ನ ಅಜ್ಜಿ ಅಂದದ್ದೇ ಅದು. ಮೋಟಾರಿಗೆ ತಂತಿ ಸುತ್ತುವಾಗ ನನ್ನ ಬಲಕ್ಕೆ ಸ್ಟೂಲು ಹಾಕಿಕೊಂಡು ಕೂತು ಸುತ್ತು ಎಣಿಸುತ್ತಿದ್ದವಳೂ ಅವಳೇ. ಹತ್ತಾದರೆ ಹೆಗಲು ಮುಟ್ಟುತ್ತಿದ್ದಳು. ಲೋಕದ ಸದ್ದೆಲ್ಲ ಮಸುಕಾದ ಮೇಲೂ ನನಗೆ ಅವಳ ಎಣಿಕೆ ಕೇಳಿಸುತ್ತಿತ್ತು. ಕೊನೆಯ ವರ್ಷ ಆ ಹಾಳು ಕೆಮ್ಮು ಹತ್ತಿತಲ್ಲ, ಮೂವತ್ತಾರು, ಕೆಮ್ಮು, ಮೂವತ್ತೇಳು. ಆದರೂ ಒಂದು ಸುತ್ತು ತಪ್ಪಿಸಲಿಲ್ಲ. ಅವಳು ಹೋದ ಮೇಲೆ, ಎಣಿಸುವವರಿಲ್ಲದೆ ಹೇಗೆ ಸುತ್ತುತ್ತೀರಿ ಎಂದು ನಿನ್ನ ಅಮ್ಮ ಕೇಳಿದಾಗ ಕೈಗೆ ಅಭ್ಯಾಸ ಎಂದಿದ್ದೆ. ಹಾಗೆಂದೇ ನಂಬಿದ್ದೆ.

ಎದ್ದು ಬಾಗಿಲ ಚಿಲಕ ಹಾಕಿದೆ. ಸುರುಳಿಗಳ ಕಪಾಟಿನ ಹಿಂದೆ ನೋಡಿದೆ, ಒಲೆಯ ಬಾಗಿಲು ತೆರೆದು ನೋಡಿದೆ. ಸ್ಟೂಲು ಇದ್ದಲ್ಲೇ ಇತ್ತು. ಅದರ ಮೇಲೆ ಅಂಗೈ ಇಟ್ಟೆ, ತಣ್ಣಗಿತ್ತು. ಹಾಡುಹಗಲು, ಕಿಟಕಿಯಲ್ಲಿ ಬಿಸಿಲು, ನನ್ನ ಬೆನ್ನು ಮಾತ್ರ ಗೋಡೆ ಬಿಟ್ಟು ಬರಲೊಲ್ಲದು. ಕಿವುಡನಿಗೆ ಭೂತದ ಭಯವಿಲ್ಲ ಎಂದು ತಮಾಷೆ ಮಾಡುತ್ತಿದ್ದವನು ನಾನೇ. ಕೇಳಿಸದವನ ಪಕ್ಕದಲ್ಲಿ ಯಾರು ಬೇಕಾದರೂ ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತ ಕೂರಬಹುದು ಎಂಬುದು ಅಂದು ಹೊಳೆಯಿತು.

ಮಾರನೆಯ ಬೆಳಿಗ್ಗೆ ಎದುರಿನ ಬೀಗದವನನ್ನು ಕರೆದೆ. ಅವನನ್ನು ಬಲ್ಲೆಯಲ್ಲ, ಇಲ್ಲಿ ಚಹಾ ಕುಡಿಯದೆ ಅಂಗಡಿ ತೆರೆಯುತ್ತಿರಲಿಲ್ಲ. ಅಜ್ಜಿ ಹೋದಾಗಿನಿಂದ ಹೊಸಿಲು ತುಳಿದಿಲ್ಲ, ಬೀದಿಯಲ್ಲೇ ನಿಂತು ಕೈಸನ್ನೆ ಮಾಡಿ ಹೋಗುತ್ತಾನೆ. ದುಃಖಕ್ಕೆ ಎಂದುಕೊಂಡಿದ್ದೆ. ಅಂದೂ ಒಳಗೆ ಬರಲಿಲ್ಲ. ಲ್ಯಾಪ್‌ಟಾಪನ್ನು ಬಾಗಿಲಿಗೇ ಒಯ್ದು ಅವನ ಮುಂದೆ ಹಿಡಿದೆ, ಈ ಅಂಗಡಿಯಲ್ಲಿ ಯಾರಾದರೂ ಮಾತಾಡುವುದನ್ನು ಕೇಳಿದ್ದೀಯಾ ಎಂದೆ. ಅವನು ನೆಲ ನೋಡುತ್ತ ಏನೋ ಅಂದ. ಅಕ್ಷರ ಬಂತು: “ದಿನಾ ಕೇಳ್ತೀನಲ್ಲ ಅಣ್ಣಾ. ಅತ್ತಿಗೆ ಎಣಿಸ್ತಿರ್ತಾರೆ. ನಡುವೆ ಬಾಯಿ ಹಾಕೋದು ಬೇಡ ಅಂತ ಸುಮ್ನಿದ್ದೆ.” ಇಷ್ಟು ಹೇಳಿ, ಯಾವುದೋ ಬೀಗ ತೆಗೆಯುವುದಿದೆ ಎಂದು ಹೊರಟೇಹೋದ. ಪಾಪ, ಲೋಕದ ಬೀಗವೆಲ್ಲ ತೆಗೆಯುತ್ತಾನೆ, ಇದೊಂದಕ್ಕೆ ಅವನಲ್ಲಿ ಕೀ ಇಲ್ಲ.

ನಾನು ಮೋಟಾರಿನವನು, ಪರೀಕ್ಷೆ ಮಾಡದೆ ಒಪ್ಪುವವನಲ್ಲ. ಬಾಯಿ ತುಂಬ ನೀರು ತುಂಬಿಕೊಂಡೆ. ಮುಚ್ಚಳ ಮುಚ್ಚಿ, ಪಂಪಿನ ಮೋಟಾರಿಗೆ ತಂತಿ ಸುತ್ತಲು ಕೂತೆ. ನೀರು ನುಂಗಲಿಲ್ಲ, ಉಗುಳಲಿಲ್ಲ. ಸುತ್ತಿ ಮುಗಿಸಿ ಬಚ್ಚಲಿಗೆ ಉಗುಳಿ ಬಂದು ತೆರೆದರೆ, ಫ್ಯಾನು ಸುಮ್ಮನಿತ್ತು. ಬಿಸಿ ಇಲ್ಲ. ಒಂದಕ್ಷರ ಇಲ್ಲ. ಉಸಿರು ಬಿಟ್ಟೆ. ಆಮೇಲೆ ಸುರುಳಿಯನ್ನು ಎಣಿಸಿ ನೋಡಿದರೆ, ಗುಬ್ಬೀ, ಲೆಕ್ಕ ತಪ್ಪಿತ್ತು. ಒಂದಲ್ಲ, ಎಂಟು ಸುತ್ತು ಕಡಿಮೆ. ಅವಳು ಹೋದ ಮೇಲೆ ಮೊದಲ ಸಲ. ಕೈಗೆ ಯಾವ ಅಭ್ಯಾಸವೂ ಇರಲಿಲ್ಲ.

ಪೂರ್ತಿ ಬಿಚ್ಚಿ, ಬಾಯಿ ಖಾಲಿ ಇಟ್ಟುಕೊಂಡು ಮತ್ತೆ ಸುತ್ತಿದೆ. ಸುತ್ತುತ್ತ ಸುತ್ತುತ್ತ ಥಟ್ಟನೆ ಎಡಗೈ ಬಿಟ್ಟು ಗಂಟಲ ಮೇಲಿಟ್ಟೆ, ಬೇರಿಂಗಿನ ಮೇಲೆ ಇಡುವ ಹಾಗೆ. ಗಂಟಲು ಓಡುತ್ತಿತ್ತು. ನನಗೆ ತಿಳಿಯದೆ, ನನ್ನನ್ನು ಕೇಳದೆ, ಸಣ್ಣಗೆ, ಒಂದೇ ಸಮನೆ. ಕೈ ತಗುಲಿದ್ದು ಗೊತ್ತಾದ ಹಾಗೆ ನಿಂತುಬಿಟ್ಟಿತು. ನನ್ನ ದನಿಯನ್ನು ನಾನು ಕೇಳಿ ಎಷ್ಟೋ ಕಾಲವಾಯಿತು. ಕೊನೆಯವರೆಗೆ ಕೇಳಿಸಿದ ದನಿ ಅವಳದೊಂದೇ. ಬಾಯಿ ಆ ಅಚ್ಚಿನಲ್ಲೇ ಎರಕ ಹೊಯ್ದುಕೊಂಡಿತೋ ಏನೋ. ಯಂತ್ರ ಅದನ್ನು ಬೇರೆ ದನಿ ಎಂದದ್ದು ತಪ್ಪಲ್ಲ.

ಟಿಕ್ ತೆಗೆದೆ. ತೆಗೆಯುವ ಮುಂಚೆ ಬೆರಳು ತುಸು ತಡೆಯಿತು, ಅದು ಬೇರೆ ಮಾತು. ಈಗ ಅದು ನಿಜವಾಗಿ ನಿದ್ದೆ ಮಾಡುತ್ತದೆ. ಎಬ್ಬಿಸಿದರೆ ತಣ್ಣಗೆ ಏಳುತ್ತದೆ, ಗಿರಾಕಿಯ ಬಾಯಿ ಮುಚ್ಚುವಷ್ಟರಲ್ಲಿ ಅಕ್ಷರ ಮುಂದಿರುತ್ತದೆ. ನಿನ್ನ ಅಮ್ಮ ಮೊನ್ನೆ ಬಂದಳು. ಹತ್ತು ಸಲ ಮುಚ್ಚಿಸಿ ತೆರೆಸಿದಳು, ಬಾಗಿಲಾಚೆ ನಿಂತು ಕೂಗಿ ನೋಡಿದಳು. “ಸರಿ ಇದೆಯಲ್ಲಪ್ಪಾ, ಮತ್ತೆ ಯಾಕೆ ಮುಖ ಹೀಗಿದೆ?” ಎಂದಳು. ಮಂಡಿ ನೋವು ಎಂದೆ. ಅಂಗಡಿ ಉಳಿಯಿತು. ಮಿಕ್ಕದ್ದನ್ನು ಅವಳಿಗೆ ಹೇಳಿಲ್ಲ, ನೀನೂ ಹೇಳಬೇಡ. ಹೇಳಿದರೆ ಬೀಗ ಅಂಗಡಿಗಲ್ಲ, ನನಗೇ ಬೀಳುತ್ತದೆ. ಪಂಪಿನ ಮೋಟಾರು ಚೆನ್ನಾಗಿ ಓಡುತ್ತಿದೆ. ನಿನ್ನೆ ಸುತ್ತಿದ್ದೂ ಲೆಕ್ಕಕ್ಕೆ ಸರಿಯಾಗಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮೇಲಿನ ಎಂಜಿನಿಯರ್ ಬೈದರೆ ಎದುರು ಮಾತಾಡಬೇಡ, ಮನಸ್ಸಿನಲ್ಲಿ ಬೈದುಕೋ. ನೀನು ಮುಟ್ಟಿದ ಯಂತ್ರವೆಲ್ಲ ಮಾತು ಕೇಳಲಿ, ಕಡಲು ನಿನ್ನನ್ನು ತಂಗಿಯಂತೆ ನೋಡಿಕೊಳ್ಳಲಿ.

ನಿನ್ನ ಅಜ್ಜ,
ಕಿವುಡು ಮೇಸ್ತ್ರಿ

ಮರೆತೆ, ಲಕೋಟೆ ಅಂಟಿಸುವ ಮುಂಚೆ ಒಂದು ಮಾತು. ಹೋದ ಭಾನುವಾರ ಫೋನಿನಲ್ಲಿ, ನೀನು ಕೈ ಸುಟ್ಟದ್ದು ಹೇಳಿದಾಗ, ಬಿಸಿ ಇದ್ದದ್ದು ಬಿಸಿ ಅಂತ ಹೇಳಿಕೊಂಡು ಬರುವುದಿಲ್ಲ ಎಂದೆ. ಫೋನನ್ನು ಲ್ಯಾಪ್‌ಟಾಪಿನ ಪಕ್ಕದಲ್ಲಿಟ್ಟು ಪರದೆ ನೋಡುತ್ತಿದ್ದೆ. ಆಮೇಲೆ “ಇನ್ನೊಂದ್ಸಲ ಹೇಳಿ” ಎಂದು ಬಂತು. ಹೇಳಿದೆ. ಮತ್ತೆ “ಇನ್ನೊಂದ್ಸಲ.” ಹೇಳಿದೆ. ಕಡಲ ನಡುವೆ ಲೈನ್ ಸರಿಯಿಲ್ಲ ಎಂದುಕೊಂಡಿದ್ದೆ. ಲೈನ್ ಸರಿಯಾಗಿಯೇ ಇತ್ತು, ಅಲ್ಲವೇ? ಯಾರ ದನಿ ಎಂದು ಕೇಳುವುದಿಲ್ಲ ತಾಯೀ. ಆದರೆ ಬೀದಿಗೆಲ್ಲ ಕೇಳಿಸುವುದು ನನಗೊಬ್ಬನಿಗೆ ಕೇಳಿಸುವುದಿಲ್ಲ; ಬೀಗದವನನ್ನು ಕೇಳಲು ಧೈರ್ಯವಿಲ್ಲ; ಯಂತ್ರ ಮಾತನ್ನಷ್ಟೇ ಅಕ್ಷರ ಮಾಡುತ್ತದೆ, ಮಿಕ್ಕ ಸದ್ದನ್ನಲ್ಲ. ಅದಕ್ಕೆ ನಿನ್ನನ್ನು ಕೇಳುತ್ತಿದ್ದೇನೆ, ಅದೊಂದನ್ನು ಬರೆ: ಅವಳಿಗೆ ಆ ಕೆಮ್ಮು ಇನ್ನೂ ಇತ್ತೇ, ವಾಸಿಯಾಗಿತ್ತೇ?