ನಗುವಿಗೆ ಕಾಯುವ ಕ್ಯಾಮೆರಾ

ಪಾಲುದಾರ ಮಹಾಶಯ,

ಇದ್ದಾಗಲೇ ನನ್ನ ಚೀಟಿ ಓದದವನು ಈಗ ಓದುತ್ತೀಯಾ! ಆದರೂ ಬರೆಯುತ್ತಿದ್ದೇನೆ.

ನೀನು ತೀರಿಕೊಂಡ ಮೇಲೆ ಇವತ್ತೇ ಮೊದಲ ಸಲ ನಿನ್ನ ಹೆಂಡತಿ ಸ್ಟುಡಿಯೋಗೆ ಬಂದಿದ್ದಳು, ಬ್ಯಾಂಕಿಗೆ ಕೊಡಲು ಒಂದು ಫೋಟೋ ಬೇಕೆಂದು. "ಒಂದು ಗುಂಡಿಯ ಕ್ಯಾಮೆರಾ ಸಾಕು ಮಾರಾಯ" ಎಂದು ನೀನು ಬಡಿದುಕೊಂಡರೂ, ಕೊಟ್ಟ ಕಾಸಿಗೆ ಸವಲತ್ತು ಜಾಸ್ತಿ ಎಂದು ನಾನು ಕೊಂಡ ಕ್ಯಾಮೆರಾ ಜಪ್ಪಯ್ಯ ಅನ್ನಲಿಲ್ಲ. ಎದುರಿಗಿದ್ದವರು ನಕ್ಕರೆ ಮಾತ್ರ ಫೋಟೋ ತೆಗೆಯುವ ಸವಲತ್ತು ಅದರಲ್ಲಿ ಹೇಗೋ ಚಾಲೂ ಆಗಿತ್ತು. ನಿಲ್ಲಿಸುವುದು ಎಲ್ಲೆಂದು ಮೆನುವಿನಲ್ಲಿ ತಡಕಾಡಿ ಸೋತೆ.

"ಅದಕ್ಕೇನು ಬೇಕಂತೆ ಅಣ್ಣಾ?"

"ನೀನು ನಗಬೇಕಂತೆ ತಂಗಿ."

ಪಾಪ, ಕೂದಲು ಸರಿಮಾಡಿಕೊಂಡು ನಕ್ಕಳು. ಕ್ಯಾಮೆರಾ ಕ್ಲಿಕ್ಕೆಂದಿತು. ನಾನು ಸಾಕು ಅನ್ನಲೆಂದು ಕಾಯುತ್ತ ಆಮೇಲೂ ನಗುತ್ತಲೇ ಕೂತಳು. ಊರಿಗೆಲ್ಲ ಮಾತು ಮಾರುವ ನಾನು ಆ ಒಂದು ಮಾತು ಆಡದೆ, ಮೆನುವಿನಲ್ಲಿ ಇನ್ನೂ ಏನೋ ಹುಡುಕುವವನಂತೆ ಕ್ಯಾಮೆರಾದ ಹಿಂದೆ ಬಗ್ಗಿಯೇ ಇದ್ದೆ.